ಇನ್‌ಬಾಕ್ಸಿಗೆ ಬಂದದ್ದು ಪಾತ್ರವೋ, ಮನುಷ್ಯನೋ?

ಮೊಬೈಲಿನಲ್ಲಿ ಆಟ ಅಂದ ಕೂಡಲೇ ನಮ್ಮ ಊರುಗಳಲ್ಲಿ ಎಲ್ಲರಿಗೂ ನೆನಪಾಗುವುದು ಗುಂಡು ಹೊಡೆಯುವ ಆಟ, ಇಲ್ಲವೇ ಲೂಡೊ. ಆದರೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಇನ್ನೊಂದು ಬಗೆಯ ಆಟವೂ ಇದೆ. ಅದರ ಹೆಸರು ರೋಲ್‌ಪ್ಲೇ. ಅಂದರೆ ಪಾತ್ರ ಮಾಡುವುದು.

ಡಿಸ್ಕಾರ್ಡ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂನಂಥ ಕಡೆ ಹತ್ತಾರು ಜನ ಸೇರಿ ಒಂದು ಗುಂಪು ಮಾಡಿಕೊಳ್ಳುತ್ತಾರೆ. ಒಬ್ಬ ರಾಜ, ಒಬ್ಬಳು ಮಂತ್ರವಾದಿ, ಒಬ್ಬ ಪೊಲೀಸ್, ಇನ್ನೊಬ್ಬ ಕಳ್ಳ. ಯಾರ ಮಾತನ್ನೂ ಮೊದಲೇ ಬರೆದಿಟ್ಟಿರುವುದಿಲ್ಲ. ರಾಜನ ಪಾತ್ರದವನು ಒಂದು ಮಾತು ಟೈಪ್ ಮಾಡಿದರೆ, ಮಂತ್ರವಾದಿಯ ಪಾತ್ರದವಳು ಅದಕ್ಕೆ ತಕ್ಕ ಉತ್ತರ ಟೈಪ್ ಮಾಡುತ್ತಾಳೆ. ಹೀಗೆ ಕತೆ ಬೆಳೆಯುತ್ತಾ ಹೋಗುತ್ತದೆ. ಜಿಟಿಎ ಆಟದೊಳಗೆ ಪೊಲೀಸ್, ಡಾಕ್ಟರ್, ಟ್ಯಾಕ್ಸಿ ಡ್ರೈವರ್ ಆಗಿ ಬದುಕುವ ರೋಲ್‌ಪ್ಲೇಯನ್ನು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ನೋಡುವವರೂ ಇದ್ದಾರೆ.

ಇದು ಒಳ್ಳೆಯ ಆಟ ಅಂತಲೇ ನಾವು ಹೇಳುತ್ತೇವೆ. ಕತೆ ಕಟ್ಟುವುದು ಬರುತ್ತದೆ, ಮಾತಿಗೆ ಮಾತು ಕೊಡುವುದು ಬರುತ್ತದೆ, ಎಂದೂ ಊರು ಬಿಟ್ಟು ಹೋಗದವರಿಗೂ ದೂರದ ಗೆಳೆಯರು ಸಿಗುತ್ತಾರೆ. ಗುಂಪಿನಲ್ಲಿ ಎಲ್ಲರೆದುರು ನಡೆಯುವ ಆಟದಿಂದ ತೊಂದರೆ ಕಡಿಮೆ. ಹೆಚ್ಚಿನ ತೊಂದರೆ ಬರುವುದು ಪಕ್ಕದ ಬಾಗಿಲಿನಿಂದ. ಅದೇ ಪ್ರೈವೇಟ್ ಮೆಸೇಜ್. ಕೆಲವರು ಡಿಎಂ ಅನ್ನುತ್ತಾರೆ, ಕೆಲವರು ಇನ್‌ಬಾಕ್ಸ್ ಅನ್ನುತ್ತಾರೆ, ಇನ್ನು ಕೆಲವರು 'ಪರ್ಸನಲ್‌ಗೆ ಬಾ' ಅನ್ನುತ್ತಾರೆ.

ರಾತ್ರಿ ಹನ್ನೊಂದಕ್ಕೆ ಒಂದು ಮೆಸೇಜ್ ಬರುತ್ತದೆ ಅಂತ ಇಟ್ಟುಕೊಳ್ಳಿ. 'ರಾಣಿ, ನೀನಿಲ್ಲದೆ ನನಗೆ ನಿದ್ದೆ ಬರುತ್ತಿಲ್ಲ.' ಇದನ್ನು ಹೇಳಿದ್ದು ಕತೆಯ ರಾಜನೋ, ಅಥವಾ ಆ ಪಾತ್ರ ಮಾಡುವ, ಹೆಸರೂ ಮುಖವೂ ಗೊತ್ತಿಲ್ಲದ ಮನುಷ್ಯನೋ? ಓದುವ ಹುಡುಗಿಗೆ ತಿಳಿಯುವುದಿಲ್ಲ. ಸಿಟ್ಟು ಮಾಡಿದರೆ 'ಅಯ್ಯೋ, ಅದು ಬರೀ ಪಾತ್ರ, ಆಟ ಗೊತ್ತಿಲ್ವಾ' ಅನ್ನುತ್ತಾನೆ. ನಕ್ಕು ಉತ್ತರಿಸಿದರೆ 'ಅವಳಿಗೂ ಇಷ್ಟ' ಅಂದುಕೊಳ್ಳುತ್ತಾನೆ. ಎರಡೂ ಕಡೆ ಅವನಿಗೇ ಲಾಭ.

ಆದ್ದರಿಂದ ನಮ್ಮ ಮಾತು ಒಂದೇ. ಪ್ರೈವೇಟ್ ಮೆಸೇಜ್ ಕಳಿಸುವವರು, ಮಾತಾಡುತ್ತಿರುವುದು ಪಾತ್ರವೋ ತಾನೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಹೇಳಲು ಮನಸ್ಸಿಲ್ಲ ಅಂದರೆ ಕಳಿಸಬಾರದು. ಉಳಿದ ಎಲ್ಲ ಮರ್ಯಾದೆಯೂ ಇದರಿಂದಲೇ ಹುಟ್ಟುತ್ತದೆ.

ತಾಳಮದ್ದಳೆ ಕಲಿಸಿದ ಪಾಠ

ಈ ಆಟ ವಿದೇಶದಿಂದ ಬಂದದ್ದು, ನಮಗೆ ಹೊಸದು ಅಂತ ಅನ್ನಿಸಬಹುದು. ಆದರೆ ಕರಾವಳಿ, ಮಲೆನಾಡಿನ ತಾಳಮದ್ದಳೆ ನೋಡಿದವರಿಗೆ ಇದರ ಗುಟ್ಟು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಹೊತ್ತಿಗೆ ಹೊಳೆದ ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ಕೃಷ್ಣಸಂಧಾನದಲ್ಲಿ ಕೌರವನು ಕೃಷ್ಣನನ್ನು ಏಕವಚನದಲ್ಲೇ ಹಂಗಿಸುತ್ತಾನೆ. ಕೃಷ್ಣನೂ ಬಿಡುವುದಿಲ್ಲ. ಪ್ರಸಂಗ ಮುಗಿದ ಮೇಲೆ ಅವರೇ ಜೊತೆಗೆ ಕುಳಿತು ಚಹಾ ಕುಡಿಯುತ್ತಾರೆ. ಒಬ್ಬರಿಗೊಬ್ಬರು 'ನೀವು' ಅನ್ನುತ್ತಾರೆ.

ಅಲ್ಲಿ ಪಾತ್ರ ಯಾವುದು, ಮನುಷ್ಯ ಯಾರು ಅನ್ನುವ ಗೊಂದಲ ಬರುವುದಿಲ್ಲ. ಭಾಗವತರ ಪದ ಶುರುವಾದರೆ ಪಾತ್ರ, ಮಂಗಳ ಹಾಡಿದರೆ ಮನುಷ್ಯ. ಜೊತೆಗೆ ಎದುರಿಗೆ ನೂರು ಜನ ಕುಳಿತಿರುತ್ತಾರೆ. ಮಾತು ಹದ್ದು ಮೀರಿದರೆ ಭಾಗವತರು ಮುಂದಿನ ಪದ ಎತ್ತಿಕೊಂಡು ತಡೆಯಬಹುದು.

ಇನ್‌ಬಾಕ್ಸಿನಲ್ಲಿ ಇದು ಯಾವುದೂ ಇಲ್ಲ. ಭಾಗವತರಿಲ್ಲ, ಸಭೆಯಿಲ್ಲ, ಮಂಗಳವೂ ಇಲ್ಲ. ಕೌರವನ ಪಾತ್ರ ಮಾಡಿದವರು ರಾತ್ರಿ ಕೃಷ್ಣನ ಪಾತ್ರದವರ ಮನೆಗೆ ಫೋನ್ ಮಾಡಿ ಕೌರವನ ದನಿಯಲ್ಲೇ ಗದರಿದರೆ ಏನಾದೀತು? ಅದನ್ನು ಯಾರೂ ಕಲೆ ಅನ್ನುವುದಿಲ್ಲ. ರೋಲ್‌ಪ್ಲೇ ಗುಂಪಿನ ಇನ್‌ಬಾಕ್ಸುಗಳಲ್ಲಿ ಆಗುವ ಅನ್ಯಾಯ ಅಂಥದ್ದೇ.

1993ರ ಒಂದು ಘಟನೆ

ಇಂಥ ಆಟಕ್ಕೆ ಆಗಲೇ ಸುಮಾರು ಐವತ್ತು ವರ್ಷ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 'ಮಡ್' ಎಂಬ ಆಟವನ್ನು ಕಟ್ಟಿದರು. ಚಿತ್ರವಿಲ್ಲ, ಬರೀ ಅಕ್ಷರ. ಹಲವರು ಒಂದೇ ಹೊತ್ತಿಗೆ ಸೇರಿ ಪಾತ್ರವಾಗಿ ತಿರುಗಾಡಬಹುದಿತ್ತು. ಮುಂದೆ ಬಂದ ಇಂಥ ಆಟಗಳಲ್ಲಿ ಎಲ್ಲರಿಗೂ ಕೇಳುವ ಮಾತು ಬೇರೆ, ಒಬ್ಬರಿಗೇ ಕೇಳುವ ಪಿಸುಮಾತು ಬೇರೆ ಎಂಬ ಏರ್ಪಾಡು ಬೆಳೆಯಿತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಅದರ ಹೆಸರೇ 'ವಿಸ್ಪರ್', ಅಂದರೆ ಪಿಸುಮಾತು.

ಪರದೆಯ ಮೇಲಿನ ಅಕ್ಷರ ನಿಜವಾಗಿ ನೋಯಿಸುತ್ತದೆಯೇ ಅಂತ ಕೇಳುವವರಿಗೆ ಒಂದು ಘಟನೆ ಹೇಳಬೇಕು. ಅಮೆರಿಕದ ಲ್ಯಾಂಬ್ಡಾಮೂ ಎಂಬ ಅಕ್ಷರದ ಲೋಕದಲ್ಲಿ ಒಂದು ದೊಡ್ಡ ಮನೆ, ಅದರೊಳಗೊಂದು ಪಡಸಾಲೆ ಇತ್ತು. ಅಲ್ಲಿ 'ಮಿಸ್ಟರ್ ಬಂಗಲ್' ಎಂಬ ಹೆಸರಿನ ಪಾತ್ರವೊಂದು ಎಲ್ಲರೆದುರೇ ಬೇರೆಯವರ ಪಾತ್ರಗಳ ಹಿಡಿತ ತೆಗೆದುಕೊಂಡಿತು. ಆ ಪಾತ್ರಗಳು ತಾವಾಗಿಯೇ ಅಸಹ್ಯ ಕೆಲಸ ಮಾಡುತ್ತಿವೆ ಎಂಬಂತೆ ಪರದೆಯಲ್ಲಿ ಸಾಲು ಸಾಲು ಬರೆಯಿಸಿತು. ಪತ್ರಕರ್ತ ಜೂಲಿಯನ್ ಡಿಬೆಲ್ ಇದನ್ನು 1993ರ ಡಿಸೆಂಬರಿನಲ್ಲಿ ದಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದರು. ಯಾರ ಮೈಯನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಅದಕ್ಕೆ ಒಳಗಾದ ಪಾತ್ರವೊಂದರ ಹಿಂದಿದ್ದ ಮಹಿಳೆ, ಅದರ ಬಗ್ಗೆ ಬರೆಯುವಾಗ ಕಣ್ಣೀರು ಹಾಕಿದ್ದರು.

ಆ ಲೋಕದವರೆಲ್ಲ ಸೇರಿ ಸಭೆ ನಡೆಸಿದರು, ಗಂಟೆಗಟ್ಟಲೆ ಚರ್ಚಿಸಿದರು. ಕೊನೆಗೆ ಆ ಪಾತ್ರವನ್ನೇ ಅಳಿಸಿ ಹಾಕಲಾಯಿತು. ಮುಂದೆ ನಿಯಮಗಳನ್ನು ಮತ ಹಾಕಿ ನಿರ್ಧರಿಸುವ ಪದ್ಧತಿಯೂ ಅಲ್ಲಿ ಬಂತು.

ಇಲ್ಲಿ ಒಂದು ಅಂಶ ಗಮನಿಸಿ. ಅದು ನಡೆದದ್ದು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು. ಸಾಕ್ಷಿಗಳಿದ್ದರು, ಆದ್ದರಿಂದ ಸಭೆ ಸೇರಿತು. ಅದೇ ಕೆಲಸ ಇನ್‌ಬಾಕ್ಸಿನಲ್ಲಿ ನಡೆದರೆ ಸಭೆ ಸೇರಿಸುವವರು ಯಾರು? ಅವಳು ಹೇಳಿದರೆ 'ನೀನೇ ಉತ್ತರ ಕೊಟ್ಟಿದ್ದೀಯಲ್ಲ' ಅನ್ನುತ್ತಾರೆ.

ಊರಿನಲ್ಲಿ ಇದರ ಬೆಲೆ ಬೇರೆ

ನಗರದಲ್ಲಿ ಒಬ್ಬಳಿಗೆ ಇಂಥ ಮೆಸೇಜ್ ಬಂದರೆ ಬ್ಲಾಕ್ ಮಾಡಿ ಮಲಗಿಬಿಡಬಹುದು. ನಮ್ಮ ಕಡೆ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದೇ ಒಂದು. ಬೆಳಿಗ್ಗೆ ಮಗಳ ಕೈಯಲ್ಲಿ, ಸಂಜೆ ತಮ್ಮನ ಕೈಯಲ್ಲಿ, ರಾತ್ರಿ ಅಪ್ಪನ ಕೈಯಲ್ಲಿ. ಲಾಕ್ ಸ್ಕ್ರೀನಿನ ಮೇಲೆ 'ರಾಣಿ, ನೀನಿಲ್ಲದೆ ನಿದ್ದೆ ಬರುತ್ತಿಲ್ಲ' ಅಂತ ಬಂದರೆ ಓದುವವರು ಅಪ್ಪ. ಅವರಿಗೆ ರೋಲ್‌ಪ್ಲೇ ಗೊತ್ತಿಲ್ಲ, ರಾಜ ಗೊತ್ತಿಲ್ಲ, ರಾಣಿಯೂ ಗೊತ್ತಿಲ್ಲ.

ಆಮೇಲೆ ಏನಾಗುತ್ತದೆ ಎಂಬುದು ನಮಗೂ ನಿಮಗೂ ಗೊತ್ತು. ಫೋನ್ ಕಿತ್ತುಕೊಳ್ಳುತ್ತಾರೆ. ಆನ್‌ಲೈನ್ ಕ್ಲಾಸು, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಆ ಫೋನಿನಲ್ಲೇ ಇರುತ್ತವೆ. ಕಾಲೇಜು ಬಿಡಿಸುವ ಮಾತು ಬರುತ್ತದೆ. ಬೇಗ ಗಂಡು ನೋಡುವ ಮಾತೂ ಬರುತ್ತದೆ. ಮೆಸೇಜ್ ಕಳಿಸಿದವನಿಗೆ ಆದದ್ದು ಏನು? ಏನೂ ಇಲ್ಲ. ಇನ್ನೊಂದು ಹೆಸರಿನಲ್ಲಿ ಇನ್ನೊಂದು ಗುಂಪಿಗೆ ಹೋಗುತ್ತಾನೆ.

ಒಂದು ಸಾಲಿನ ಮೆಸೇಜಿಗೆ ಒಬ್ಬಳ ಓದು ಹೋಗಬಹುದು ಅನ್ನುವುದೇ ಇಲ್ಲಿನ ದೊಡ್ಡ ವಿಷಯ. ಅದಕ್ಕೇ ಇನ್‌ಬಾಕ್ಸಿನ ಮರ್ಯಾದೆಯನ್ನು ನಾವು ಸಣ್ಣ ಮಾತು ಅಂದುಕೊಂಡಿಲ್ಲ.

ಕಳಿಸುವ ಮೊದಲು

ಹಾಗಾದರೆ ಹೇಗಿರಬೇಕು? ರೋಲ್‌ಪ್ಲೇ ಗುಂಪುಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಕೆಲವು ರೂಢಿಗಳಿವೆ. ಅವುಗಳಿಗೆ ನಮ್ಮ ಅನಿಸಿಕೆಯನ್ನೂ ಸೇರಿಸಿ ಹೇಳುತ್ತೇವೆ.

ಮೊದಲನೆಯದು, ಬಾಗಿಲು ತಟ್ಟಿ. ಗುಂಪಿನಲ್ಲೇ ಎಲ್ಲರೆದುರು ಕೇಳಿ: 'ಕತೆಯ ಬಗ್ಗೆ ಒಂದು ಮಾತಿದೆ, ಇನ್‌ಬಾಕ್ಸಿಗೆ ಬರಬಹುದೇ?' ಬೇಡ ಅಂದರೆ ಅಲ್ಲಿಗೇ ಬಿಡಿ. ಕಾರಣ ಕೇಳಬೇಡಿ. ಯಾರದೋ ಮನೆಯ ಜಗಲಿಯಲ್ಲಿ ಕುಳಿತು ಮಾತಾಡಿದ ಮಾತ್ರಕ್ಕೆ ಅಡುಗೆಮನೆಗೆ ನುಗ್ಗುವ ಹಕ್ಕು ಬರುವುದಿಲ್ಲವಲ್ಲ.

ಎರಡನೆಯದು, ಯಾರ ಮಾತು ಅಂತ ಗುರುತು ಹಾಕಿ. ಪಾತ್ರದ ಮಾತಿಗೆ 'ಐಸಿ' ಅಂದರೆ ಇನ್ ಕ್ಯಾರೆಕ್ಟರ್ ಅಂತಲೂ, ಸ್ವಂತ ಮಾತಿಗೆ 'ಓಓಸಿ' ಅಂದರೆ ಔಟ್ ಆಫ್ ಕ್ಯಾರೆಕ್ಟರ್ ಅಂತಲೂ ಬರೆಯುವ ರೂಢಿ ಇದೆ. ಕೆಲವು ಕಡೆ ಸ್ವಂತ ಮಾತನ್ನು ಜೋಡಿ ಕಂಸದೊಳಗೆ ಹಾಕುತ್ತಾರೆ. ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ಸುಲಭದ ದಾರಿಯೂ ಇದೆ. ನಮ್ಮ ಭಾಷೆಯಲ್ಲಿ 'ನೀನು' ಇದೆ, 'ನೀವು' ಇದೆ. ಪಾತ್ರ ಪಾತ್ರಕ್ಕೆ 'ನೀನು' ಅನ್ನಲಿ, ಮನುಷ್ಯ ಮನುಷ್ಯರಿಗೆ 'ನೀವು' ಅನ್ನಲಿ. 'ಎಲೈ ಮಂತ್ರಿ, ನೀನು ನನಗೆ ದ್ರೋಹ ಬಗೆದೆ' ಅಂದದ್ದು ರಾಜ. 'ನಾಳೆ ನಿಮಗೆ ಪರೀಕ್ಷೆ ಇದೆಯಲ್ಲ, ಕತೆ ಭಾನುವಾರ ಮುಂದುವರಿಸೋಣವೇ' ಅಂದದ್ದು ರಾಜನ ಪಾತ್ರ ಮಾಡುವವರು. ಒಂದು ಅಕ್ಷರದಲ್ಲೇ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. 'ನೀವು' ಅಂದವರ ಜೊತೆ ಹೇಳದೆ ಕೇಳದೆ 'ನೀನು' ಶುರು ಮಾಡುವುದು ಸಲಿಗೆ ಅಲ್ಲ, ಅತಿಕ್ರಮಣ.

ಮೂರನೆಯದು, ಇನ್ನೊಬ್ಬರ ಪಾತ್ರ ಅವರದ್ದು. 'ನಾನು ಅವಳನ್ನು ಅಪ್ಪಿಕೊಂಡೆ, ಅವಳು ನಾಚಿದಳು' ಅಂತ ಎರಡೂ ಕಡೆಯದ್ದನ್ನು ನೀವೇ ಬರೆಯಬೇಡಿ. ಇದನ್ನು ರೋಲ್‌ಪ್ಲೇ ಮಾಡುವವರು 'ಗಾಡ್‌ಮಾಡಿಂಗ್' ಅನ್ನುತ್ತಾರೆ. ಮಿಸ್ಟರ್ ಬಂಗಲ್ ಮಾಡಿದ್ದೂ ಇದರದೇ ಘೋರ ರೂಪ. ನಿಮ್ಮ ಪಾತ್ರ ಕೈ ಚಾಚಲಿ. ಆ ಕೈ ಹಿಡಿಯುವುದೋ ತಳ್ಳುವುದೋ ಎದುರಿನವರು ಬರೆಯಲಿ. ಕತೆಯಲ್ಲಿ ಪ್ರೇಮ, ಸಾವು, ಹಿಂಸೆ ಬರುವುದಿದ್ದರೆ ಮೊದಲೇ ಪಾತ್ರದ ಹೊರಗೆ ಬಂದು ಕೇಳಿ.

ನಾಲ್ಕನೆಯದು, ಕತೆಯ ಪ್ರೇಮವನ್ನು ಮನೆಗೆ ಹೊತ್ತು ತರಬೇಡಿ. ಎರಡು ತಿಂಗಳು ರಾಜ ರಾಣಿಯಾಗಿ ಬರೆದ ಮೇಲೆ ಮನಸ್ಸು ವಾಲುವುದು ಸಹಜ. ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಪಾತ್ರದ ಬಾಯಿಂದ ಹೇಳಿಸುವುದು ತಪ್ಪು. ಹೇಳಲೇಬೇಕಿದ್ದರೆ ನೇರವಾಗಿ, ಒಂದೇ ಸಲ, 'ನೀವು' ಅಂತ ಕರೆದು, ತಾನೇ ಮಾತಾಡುತ್ತಿದ್ದೇನೆ ಅಂತ ತಿಳಿಸಿ ಹೇಳಿ. ಇಲ್ಲ ಅಂದರೆ ಕತೆಯಲ್ಲಿ ಸೇಡು ತೀರಿಸಿಕೊಳ್ಳಬೇಡಿ. ಮರುದಿನವೇ ರಾಣಿಯನ್ನು ಸೆರೆಗೆ ಹಾಕುವ ರಾಜನನ್ನು ಯಾರೂ ಕಲಾವಿದ ಅನ್ನುವುದಿಲ್ಲ.

ಐದನೆಯದು, ಒಂದು ಮೆಸೇಜ್ ಕಳಿಸಿ, ಕಾಯಿರಿ. 'ಹಾಯ್', 'ಇದ್ದೀರಾ', 'ಯಾಕೆ ರಿಪ್ಲೈ ಇಲ್ಲ', 'ನೋಡಿ ಸುಮ್ಮನಿದ್ದೀರಿ' ಅಂತ ಸಾಲಾಗಿ ಕಳಿಸುವುದು ಬಾಗಿಲು ಬಡಿದ ಹಾಗೆ. ಹಸು ಕರೆಯುವ ಹೊತ್ತು, ತೋಟಕ್ಕೆ ನೀರು ಬಿಡುವ ಹೊತ್ತು, ಕರೆಂಟು ಹೋದ ಹೊತ್ತು ಎಲ್ಲರಿಗೂ ಇರುತ್ತದೆ. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರ.

ಆರನೆಯದು, ವಿವರ ಕೆದಕಬೇಡಿ. ಊರು, ಕಾಲೇಜು, ಫೋಟೊ, ನಂಬರ್ ಕೇಳಬೇಡಿ. 'ನೀನು ನಿಜವಾಗಿ ಹುಡುಗಿಯೇ?' ಅಂತಲೂ ಕೇಳಬೇಡಿ. ಯಕ್ಷಗಾನದಲ್ಲಿ ತಲೆಮಾರುಗಳಿಂದ ಗಂಡಸರು ಸ್ತ್ರೀವೇಷ ಮಾಡಿಕೊಂಡು ಬಂದಿದ್ದಾರೆ. ರಂಗಸ್ಥಳಕ್ಕೆ ಹೋಗಿ ಯಾರಾದರೂ ದ್ರೌಪದಿಯ ಆಧಾರ್ ಕಾರ್ಡ್ ಕೇಳುತ್ತಾರೆಯೇ? ಕೇಳಲೇಬೇಕಾದ ವಿವರ ಒಂದೇ: ಹದಿನೆಂಟು ತುಂಬಿದೆಯೇ ಇಲ್ಲವೇ. ಕತೆಯಲ್ಲಿ ಪ್ರೇಮ ಪ್ರಣಯ ಇರುವುದಾದರೆ ಅದು ಗೊತ್ತಿರಬೇಕು. ಎದುರಿನವರು ಹದಿನೆಂಟರ ಕೆಳಗಿನವರು ಅಂತ ತಿಳಿದರೆ, ಅನುಮಾನ ಬಂದರೂ ಸಾಕು, ಅಂಥ ಕತೆ ಅಲ್ಲಿಗೇ ನಿಲ್ಲಬೇಕು.

ಏಳನೆಯದು, ಇನ್‌ಬಾಕ್ಸಿನ ಮಾತು ಇನ್‌ಬಾಕ್ಸಿನಲ್ಲೇ ಇರಲಿ. ಕಳ್ಳನ ಪಾತ್ರದವನು ಗೆಳೆತನದಲ್ಲಿ ಹೇಳಿದ ಅಡಗುತಾಣವನ್ನು ಪೊಲೀಸ್ ಪಾತ್ರ ಆಟದಲ್ಲಿ ಬಳಸಿಕೊಂಡರೆ ಅದು 'ಮೆಟಾಗೇಮಿಂಗ್'. ಬಹಳ ಗುಂಪುಗಳಲ್ಲಿ ಅದಕ್ಕೆ ಶಿಕ್ಷೆಯಿದೆ. ಒಬ್ಬರು ನಂಬಿ ಹೇಳಿದ ಮನೆಯ ಕಷ್ಟವನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚುವುದು ಅದಕ್ಕಿಂತ ನೂರು ಪಾಲು ಕೆಟ್ಟದ್ದು. ಆದರೆ ಕಿರುಕುಳದ ಮೆಸೇಜಿಗೆ ಈ ಮಾತು ಅನ್ವಯಿಸುವುದಿಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆದು ಅಡ್ಮಿನ್‌ಗೆ ಕೊಡುವುದು ಚಾಡಿಯಲ್ಲ. ಅದು ಸಾಕ್ಷಿ.

ಮೆಸೇಜ್ ಬಂದವರಿಗೆ

ಮೇಲಿನ ನಿಯಮಗಳೆಲ್ಲ ಕಳಿಸುವವರಿಗೆ. ಮೆಸೇಜ್ ಬಂದವರ ಮೇಲೆ ನಾವು ಯಾವ ಹೊರೆಯನ್ನೂ ಹೊರಿಸುವುದಿಲ್ಲ. ಉತ್ತರಿಸುವ ಸಾಲ ನಿಮ್ಮ ಮೇಲಿಲ್ಲ. ಇಷ್ಟವಾಗದಿದ್ದರೆ ಒಂದು ಸಾಲು ಸಾಕು: 'ಇದು ಪಾತ್ರದ ಮಾತಲ್ಲ, ನಾನೇ ಹೇಳುತ್ತಿದ್ದೇನೆ. ಇನ್‌ಬಾಕ್ಸಿಗೆ ಬರಬೇಡಿ.' ಇದನ್ನು ಬರೆದರೆ 'ಅದು ಬರೀ ಆಟ' ಎಂಬ ನೆಪ ಉಳಿಯುವುದಿಲ್ಲ. ಮುಂದೆ ದೂರು ಕೊಡಬೇಕಾಗಿ ಬಂದರೆ ಈ ಸಾಲೇ ಕೆಲಸಕ್ಕೆ ಬರುತ್ತದೆ. ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಫೋನಿನಲ್ಲೂ ಕೆಲವು ಅನುಕೂಲಗಳಿವೆ. ಡಿಸ್ಕಾರ್ಡಿನ ಪ್ರೈವಸಿ ಸೆಟ್ಟಿಂಗ್‌ನಲ್ಲಿ, ಸರ್ವರಿನ ಇತರ ಸದಸ್ಯರಿಂದ ನೇರ ಮೆಸೇಜ್ ಬಾರದಂತೆ ಮಾಡಬಹುದು. ಟೆಲಿಗ್ರಾಂನಲ್ಲಿ ನಿಮ್ಮ ನಂಬರ್ ಯಾರಿಗೂ ಕಾಣದಂತೆ ಇಡಬಹುದು. ಲಾಕ್ ಸ್ಕ್ರೀನಿನಲ್ಲಿ ಮೆಸೇಜಿನ ಒಳಮಾತು ತೋರದಂತೆ ಮಾಡಬಹುದು. ಅಪರಿಚಿತರ ಜೊತೆಗಿನ ರೋಲ್‌ಪ್ಲೇಯನ್ನು ವಾಟ್ಸಾಪ್ ಗುಂಪಿನಲ್ಲಿ ಮಾಡದಿರುವುದು ಒಳ್ಳೆಯದು, ಅಲ್ಲಿ ಸಾಮಾನ್ಯವಾಗಿ ನಂಬರ್ ಎಲ್ಲರಿಗೂ ಕಾಣುತ್ತದೆ.

ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸಿ ಕಾಡುವ ಅಪರಾಧಕ್ಕೆ ಸಂಬಂಧಿಸಿದ್ದು. ಹೆಣ್ಣು ತನಗೆ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಬೆನ್ನುಹತ್ತಿ ಮತ್ತೆ ಮತ್ತೆ ಸಂಪರ್ಕಿಸುವುದು ಅದರೊಳಗೆ ಬರುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ದಂಡ. ಹದಿನೆಂಟರೊಳಗಿನವರನ್ನು, ಹುಡುಗನಾಗಲಿ ಹುಡುಗಿಯಾಗಲಿ, ಲೈಂಗಿಕ ಉದ್ದೇಶದಿಂದ ಆನ್‌ಲೈನಿನಲ್ಲಿ ಪದೇ ಪದೇ ಸಂಪರ್ಕಿಸಿದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

'ಇಷ್ಟೆಲ್ಲ ಇದ್ದರೆ ಆಟ ಎಲ್ಲಿ?'

ಹೀಗೆ ಕೇಳುವವರು ಇದ್ದೇ ಇರುತ್ತಾರೆ. ಕೇಳಿ ಬರೆಯುವುದು, ಗುರುತು ಹಾಕುವುದು, ಕಾಯುವುದು, ಇವೆಲ್ಲ ಸೇರಿದರೆ ಆಟದ ಮಜಾ ಹೋಗುತ್ತದೆ ಅನ್ನುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಕಬಡ್ಡಿಗೆ ಗೆರೆ ಇದೆ. ಗೆರೆ ಅಳಿಸಿದರೆ ಆಗುವುದು ಹೊಡೆದಾಟ. ಕೌರವನ ಅರ್ಥ ಹೇಳುವವರು ಅಷ್ಟು ಧೈರ್ಯವಾಗಿ ಹಂಗಿಸಲು ಸಾಧ್ಯವಾಗುವುದೇ, ಮಂಗಳದ ನಂತರ ಅದು ಮುಗಿಯುತ್ತದೆ ಎಂಬ ನಂಬಿಕೆ ಎರಡೂ ಕಡೆ ಇರುವುದರಿಂದ. ಆ ನಂಬಿಕೆ ಇದ್ದರೆ ರಾಣಿಯ ಪಾತ್ರದವಳು ನಿಮ್ಮ ರಾಜನಿಗೆ ಇನ್ನೂ ಚೆನ್ನಾಗಿ ಉತ್ತರಿಸುತ್ತಾಳೆ. ಇಲ್ಲದಿದ್ದರೆ ಒಂದೊಂದು ಸಾಲಿಗೂ ಹೆದರುತ್ತಾಳೆ, ಕೊನೆಗೆ ಗುಂಪು ಬಿಡುತ್ತಾಳೆ.

ಇನ್ನೊಂದು ಮಾತೂ ಬರುತ್ತದೆ. 'ಹೆಣ್ಣುಮಕ್ಕಳು ಇಂಥ ಕಡೆ ಹೋಗುವುದೇ ಯಾಕೆ?' ಹೋಗುವುದು ಕತೆ ಕಟ್ಟಲು. ಗಂಡುಮಕ್ಕಳು ಹೋಗುವುದೂ ಅದಕ್ಕೇ. ಕೆಟ್ಟ ಮೆಸೇಜ್ ಕಳಿಸಿದವನನ್ನು ಬಿಟ್ಟು ಅದು ಬಂದವಳನ್ನು ಹೊರಗೆ ಕಳಿಸುವುದು, ಬೇಲಿ ಹಾರಿದ ದನವನ್ನು ಬಿಟ್ಟು ಗದ್ದೆಯವರಿಗೆ ದಂಡ ಹಾಕಿದ ಹಾಗೆ.

ತಂದೆ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮಗಳ ಫೋನಿನಲ್ಲಿ ಇಂಥ ಸಾಲು ಕಂಡರೆ ಫೋನ್ ಕಿತ್ತುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: 'ಇದು ಕತೆಯ ಮಾತಾ, ಅಥವಾ ಯಾರಾದರೂ ನಿನ್ನನ್ನು ಕಾಡಿಸುತ್ತಿದ್ದಾರಾ?' ಬೈಗುಳ ಸಿಗುವುದಿಲ್ಲ ಅಂತ ಗೊತ್ತಾದರೆ ಅವಳು ಮುಂದಿನ ಸಲ ತಾನಾಗಿಯೇ ತಂದು ತೋರಿಸುತ್ತಾಳೆ. ಫೋನ್ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ ಬಚ್ಚಿಡುತ್ತಾಳೆ. ಕಾಡಿಸುವವನಿಗೆ ಬೇಕಾದದ್ದೂ ಅದೇ.

ಗುಂಪು ನಡೆಸುವವರಿಗೂ ಒಂದು ಮಾತು. 'ಇನ್‌ಬಾಕ್ಸಿನಲ್ಲಿ ನಡೆದದ್ದು ನಮಗೆ ಸಂಬಂಧವಿಲ್ಲ' ಅಂತ ಕೈತೊಳೆದುಕೊಳ್ಳಬೇಡಿ. ಇಬ್ಬರಿಗೂ ಪರಿಚಯವಾದದ್ದು ನಿಮ್ಮ ಚಪ್ಪರದ ಕೆಳಗೆ. ಕೇಳದೆ ಇನ್‌ಬಾಕ್ಸಿಗೆ ಹೋಗಬಾರದು ಎಂಬ ನಿಯಮವನ್ನು ಗುಂಪಿನ ಮೇಲ್ಗಡೆ ಪಿನ್ ಮಾಡಿ. ದೂರು ಕೇಳಲು ಇಬ್ಬರನ್ನು ನೇಮಿಸಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ದೂರು ಕೊಟ್ಟವರ ಹೆಸರನ್ನು ಗುಂಪಿನಲ್ಲಿ ಹೇಳಬೇಡಿ.

ಇವತ್ತು ರಾತ್ರಿಯೂ ಎಲ್ಲೋ ಒಬ್ಬ ರಾಜ ಒಬ್ಬ ರಾಣಿಗೆ ಮೆಸೇಜ್ ಟೈಪ್ ಮಾಡುತ್ತಿರುತ್ತಾನೆ. ಆ ಕಡೆ ಫೋನ್ ಯಾರ ಕೈಯಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಕಳಿಸುವ ಗುಂಡಿ ಒತ್ತುವ ಮೊದಲು ಮೊದಲ ಸಾಲನ್ನು ಇನ್ನೊಮ್ಮೆ ಓದಲಿ. ಅಲ್ಲಿ 'ನೀನು' ಇದೆಯೋ 'ನೀವು' ಇದೆಯೋ ನೋಡಲಿ.